ಗೌನಿಪಲ್ಲಿಯ ಎಣ್ಣೆನೀರು

ಕೋಲಾರದಿಂದ ಶ್ರೀನಿವಾಸಪುರದ ಮಾರ್ಗವಾಗಿ ಗೌನಿಪಲ್ಲಿಗೆ ಹೋಗತಕ್ಕವರು ಜ್ಯೇಷ್ಠಮಾಸದಲ್ಲಿ ಹೋಗುವುದು ಒಳ್ಳೆಯದು. ಆಗ ದಾರಿಯ ಇಕ್ಕೆಲಗಳಲ್ಲಿಯೂ ಮಾವಿನ ತೋಪುಗಳು ಫಲಭಾರದಿಂದ ಬಾಗಿ ನಿಂತಿರುತ್ತವೆ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ ಎಂಬ ಹೆಸರುಗಳನ್ನು ಆ ಸೀಮೆಯ ಮಕ್ಕಳು ವರ್ಣಮಾಲೆಗಿಂತ ಮೊದಲೇ ಕಲಿತಿರುತ್ತಾರೆ. ಶ್ರೀನಿವಾಸಪುರದ ಮಂಡಿಗಳ ಮುಂದೆ ಲಾರಿಗಳ ಸಾಲು, ರಾಶಿರಾಶಿಯಾಗಿ ಸುರಿದ ಕಾಯಿ, ಸೊನೆಯ ಘಾಟು, ದಲ್ಲಾಳಿಗಳ ಕೂಗು. ಇವೆಲ್ಲವನ್ನೂ ದಾಟಿ ನಮ್ಮ ಬಸ್ಸು ಊರಾಚೆಗೆ ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಈ ಪಟ್ಟಣಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿದ್ದಿತೆಂದೂ, ದಿವಾನ್ ಪೂರ್ಣಯ್ಯನವರು ತಮ್ಮ ಮಗನಾದ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರೆಂದೂ ಹೇಳುವರು.

ಅಲ್ಲಿಂದ ಮುಂದೆ ಸಾಗಿದಂತೆಲ್ಲ ಕನ್ನಡವು ತೆಲುಗಿನೊಡನೆ ಬೆರೆಯುತ್ತ ಹೋಗುತ್ತದೆ. ಗೌನಿಪಲ್ಲಿಯು ಆಂಧ್ರದ ಗಡಿಗೆ ಸಮೀಪವಾದ ಊರು. ಅಲ್ಲಿ ಅನೇಕರಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಸಂತೆಯ ಮಾತು ಎರಡೂ. ಹಳೆಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಯಿತೆಂಬುದನ್ನು ನಾವು ತರಗತಿಯಲ್ಲಿ ಮೂವತ್ತೈದು ವರ್ಷ ಹೇಳಿಕೊಟ್ಟವರು. ನಮ್ಮ 'ಹಳ್ಳಿ'ಯೂ ಅವರ 'ಪಲ್ಲಿ'ಯೂ ಒಂದೇ ಮನೆಯ ಮಕ್ಕಳೆಂಬುದಕ್ಕೆ ಈ ಊರಿನ ಹೆಸರೇ ಸಾಕ್ಷಿ.

ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಪೂರ್ವಿಕರು ಕೆರೆಗಳನ್ನು ಕಟ್ಟಿ ಬಾಳಿದರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಗಿಂತಲೂ ಆಳಕ್ಕೆ ಇಳಿದುವು. ೨೦೧೮ರಿಂದ ಬೆಂಗಳೂರಿನ ಕೊಳಚೆಯ ನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ. ಆಳದಿಂದ ಎತ್ತಿದ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಸಾಬೂನು ನೊರೆಗಟ್ಟದೆ ಒಡೆದ ಹಾಲಿನಂತಾಗಿ ಮೈಗೆ ಅಂಟುತ್ತದೆ. ಚರ್ಮವು ಬೇಗ ಒಣಗುತ್ತದೆ. ಈ ಮಾತನ್ನು ಮೊದಲೇ ಹೇಳಿಡುವುದಕ್ಕೆ ಕಾರಣವುಂಟು. ನಾವು ಈ ಸಲ ಗೌನಿಪಲ್ಲಿಗೆ ಹೋದದ್ದು ಮಾವಿನ ಹಣ್ಣಿಗಾಗಿ ಅಲ್ಲ, ಚರ್ಮದ ಪ್ರಸಂಗಕ್ಕಾಗಿ.

ಅಲ್ಲಿ ನಮ್ಮ ಅಕ್ಕನ ಮನೆಯಿದೆ. ಅಕ್ಕನ ಮೊಮ್ಮಗಳು ಹದಿನೆಂಟು ತುಂಬಿದವಳು, ಜಾಣೆ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಕೋಲಾರದಲ್ಲಿ ದಾದಿಯರ ಶಿಕ್ಷಣಕ್ಕೆ ಸೇರುವುದೆಂದು ಎಲ್ಲವೂ ಗೊತ್ತಾಗಿದ್ದಿತು. ಹೀಗಿರಲು ಒಂದು ದಿನ ಆ ಹುಡುಗಿ "ನಾನು ಹೋಗುವುದಿಲ್ಲ" ಎಂದು ಕುಳಿತುಬಿಟ್ಟಳಂತೆ. ತಂದೆ ಗದರಿಸಿದರು, ತಾಯಿ ಅತ್ತಳು; ಕಾರಣ ಮಾತ್ರ ಹೊರಬೀಳಲಿಲ್ಲ. ಕಡೆಗೆ ಅಕ್ಕ ನಮಗೆ ದೂರವಾಣಿಯಲ್ಲಿ, "ತಮ್ಮಾ, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳಿ ಸಂಬಳ ತಿಂದವನು ನೀನು. ಬಂದು ಇವಳಿಗೂ ನಾಲ್ಕು ಮಾತು ಹೇಳು" ಎಂದಳು.

ನಾವು ಹೋದ ದಿನ ಸೆಕೆ ಹೇಳತೀರದು. ಮನೆಯವರೆಲ್ಲ ಬೀಸಣಿಗೆ ಹಿಡಿದು ಕುಳಿತಿದ್ದರೆ ಆ ಹುಡುಗಿ ಮಣಿಕಟ್ಟಿನವರೆಗೆ ತೋಳಿರುವ ಉಡುಪನ್ನು ತೊಟ್ಟು ಓಡಾಡುತ್ತಿದ್ದಳು. ನಮಗೆ ನೀರು ಕೊಡಲು ಬಂದಾಗ ತೋಳು ಸ್ವಲ್ಪ ಸರಿಯಿತು. ಒಡನೆಯೇ ಎಳೆದುಕೊಂಡಳು. ಆದರೂ ನಾವು ಕಂಡೆವು. ತೋಳಿನ ಹೊರಭಾಗವೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳಿಂದ ತುಂಬಿ ಒರಟಾಗಿದ್ದಿತು. ಚಳಿಗಾಲದಲ್ಲಿ ತಣ್ಣೀರು ಸುರಿದುಕೊಂಡಾಗ ರೋಮಾಂಚವಾಗುವುದಷ್ಟೆ. ಆ ರೋಮಾಂಚವು ಇಳಿಯದೆ ನಿಂತರೆ ಹೇಗೋ ಹಾಗೆ. ಅದರ ನಡುನಡುವೆ ಕಪ್ಪು ಕಲೆಗಳೂ ಇದ್ದುವು. ಆ ಕೈಯನ್ನು ಕಂಡೊಡನೆ ನಮಗೆ ಬೇರೊಂದು ಕೈಯ ನೆನಪಾಗಿ ಎದೆ ಧಸಕ್ಕೆಂದಿತು. ಅದನ್ನು ಮುಂದೆ ಹೇಳುವೆವು.

ಆ ಸಂಜೆ ಜಗುಲಿಯ ಮೇಲೆ ಕುಳಿತು ಮೆಲ್ಲಮೆಲ್ಲನೆ ಕೇಳಿದಾಗ ವಿಷಯ ಹೊರಬಂದಿತು. ಕಾಲೇಜಿನಲ್ಲಿ ಗೆಳತಿಯರು ಅವಳಿಗೆ 'ಹಾಗಲಕಾಯಿ' ಎಂದು ಹೆಸರಿಟ್ಟಿದ್ದರು. ದಾದಿಯರ ಸಮವಸ್ತ್ರಕ್ಕೆ ಮೊಳಕೈವರೆಗೆ ಮಾತ್ರ ತೋಳು. ಅದಕ್ಕೆ ಮೊದಲೇ ಕೈ ನಯವಾಗಲಿ ಎಂದು, ಮನೆಯಲ್ಲಿ ಯಾರಿಗೂ ತಿಳಿಸದೆ, ಕೂಡಿಟ್ಟ ಮೂರು ಸಾವಿರ ರೂಪಾಯಿಯನ್ನು ತೆಗೆದುಕೊಂಡು ಒಂದು ಪಟ್ಟಣದ ಸೌಂದರ್ಯಶಾಲೆಗೆ ಹೋದಳು. ಅವರು ಮೊದಲು ಮರಳಿನಂಥ ಹಿಟ್ಟಿನಿಂದ ತೋಳನ್ನು ಕೆಂಪಾಗುವಷ್ಟು ತಿಕ್ಕಿದರು. ಅನಂತರ ಅದರ ಮೇಲೆಯೇ ಒಂದು ಆಮ್ಲವನ್ನು ಸವರಿದರು. ಉರಿಯುತ್ತದೆ ಎಂದರೆ, "ಉರಿದರೇನೇ ಕೆಲಸ ಮಾಡುತ್ತಿದೆ ಎಂದರ್ಥ" ಎಂದರಂತೆ. ರಾತ್ರಿ ಬೊಬ್ಬೆಗಳೆದ್ದುವು. ವಾರದಲ್ಲಿ ಅವು ಒಣಗಿದುವು. ಗುಳ್ಳೆಗಳು ಇದ್ದಲ್ಲಿಯೇ ಇದ್ದುವು. ಕಪ್ಪು ಕಲೆಗಳು ಹೊಸದಾಗಿ ಬಂದುವು. "ತಾತ, ರೋಗಿಗಳು ನನ್ನ ಕೈಯಿಂದ ಔಷಧ ತೆಗೆದುಕೊಳ್ಳುತ್ತಾರೆಯೇ?" ಎಂದು ಅವಳು ಕೇಳಿದಳು. ನಾವು ಆಗ ಉತ್ತರ ಕೊಡಲಾರದೆ ಹೋದೆವು.

ಮರುದಿನ ಶುಕ್ರವಾರ. ಆ ಮನೆಯಲ್ಲಿ ಹೆಂಗಸರಿಗೆ ಎಣ್ಣೆನೀರಿನ ದಿನ. ಹಿತ್ತಿಲಿನ ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕಿದ್ದರು. ಅಂದು ಊರಿನ ಒಬ್ಬ ಮುದುಕಿಯನ್ನು ಅಕ್ಕ ಹೇಳಿಕಳುಹಿಸಿದ್ದಳು. ಊರಿನಲ್ಲಿ ಆಕೆಯನ್ನು ಎಲ್ಲರೂ 'ಅವ್ವ' ಎಂದೇ ಕರೆಯುತ್ತಾರೆ. ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದೇ ಆಕೆಯ ಕಸುಬು. ಸೌಂದರ್ಯಶಾಲೆಗಳು ಹುಟ್ಟುವುದಕ್ಕೆ ಬಹುಕಾಲ ಮೊದಲೇ, ಮೈಯನ್ನು ತಿಕ್ಕಿ ತೊಳೆದು ನಯಮಾಡುವ ಕಸುಬುದಾರರು ನಮ್ಮ ಹಳ್ಳಿಗಳಲ್ಲಿ ಇದ್ದರೆಂಬುದನ್ನು ನಾವು ಮರೆತಿದ್ದೇವೆ. ಆಕೆಗೆ ಹಿಂದೆ ಅಕ್ಕಿ, ಎಲೆಯಡಿಕೆ, ರವಿಕೆಯ ಕಣ ಕೊಡುತ್ತಿದ್ದರು. ಈಗ ಹಣವನ್ನೂ ಕೊಡುತ್ತಾರೆ.

ಆಕೆ ಮೊದಲು ನೆರೆಮನೆಯ ಕೂಸಿಗೆ ನೀರು ಹಾಕುವುದನ್ನು ನಾವು ಅಂಗಳದಿಂದ ನೋಡಿದೆವು. ಮಣೆಯ ಮೇಲೆ ಕುಳಿತು, ಕಾಲುಗಳನ್ನು ನೀಡಿ, ಮೊಣಕಾಲ ಕೆಳಗಿನ ಹಳ್ಳದಲ್ಲಿ ಕೂಸನ್ನು ಮಲಗಿಸಿಕೊಂಡಳು. ಬೆಚ್ಚನೆಯ ಎಣ್ಣೆಯನ್ನು ಅಂಗೈಯಿಂದ ಸವರಿದಳು. ತಿಕ್ಕಿದಳೆನ್ನುವುದಕ್ಕಿಂತ ಸವರಿದಳೆನ್ನುವುದೇ ಸರಿ. ಸ್ವಲ್ಪ ಹೊತ್ತು ಬಿಟ್ಟು ನಯವಾದ ಕಡಲೆಹಿಟ್ಟನ್ನು ಕಲಸಿ ಹಚ್ಚಿ, ಒಣಗುವುದಕ್ಕೆ ಮೊದಲೇ ನೀರು ಹುಯ್ದಳು. ಕೂಸು ಅಳಲಿಲ್ಲ, ಅರ್ಧ ನಿದ್ರೆಯಲ್ಲಿಯೇ ಇದ್ದಿತು. ದೊಡ್ಡವರಿಗಾದರೆ ತಲೆಗೆ ಸೀಗೆಪುಡಿ, ಮೈಗೆ ಹೆಸರುಹಿಟ್ಟು, ಹಿಮ್ಮಡಿಗೆ ಇಟ್ಟಿಗೆಯ ಚೂರು, ಬೆನ್ನಿಗೆ ಒಣಗಿದ ಹೀರೆಕಾಯಿಯ ನಾರು. ಒಂದೊಂದು ಅಂಗಕ್ಕೆ ಒಂದೊಂದು ಉಪಕರಣ. ಹಿಮ್ಮಡಿಯ ಇಟ್ಟಿಗೆಯನ್ನು ಆಕೆ ತೋಳಿಗೆ ತಾಗಿಸುವುದಿಲ್ಲ.

ಹುಡುಗಿಗೆ ನೀರು ಹಾಕಿ ಬಂದ ಮೇಲೆ ಅವ್ವ ಕೈಯೊರಸಿಕೊಳ್ಳುತ್ತ ನಮ್ಮೊಡನೆ, "ಅಯ್ಯವಾರೆ, ಕೊಳೆಯಾದರೆ ಉಜ್ಜಿದರೆ ಹೋಗುತ್ತೆ. ಇದು ಕೊಳೆಯಲ್ಲ. ಉಜ್ಜಿದಷ್ಟೂ ಉರಿಯುತ್ತೆ. ಯಾರು ಮಗುವಿನ ಕೈಯನ್ನು ಹೀಗೆ ಮಾಡಿದವರು?" ಎಂದಳು. ಆಕೆ ಅಕ್ಷರ ಕಲಿತವಳಲ್ಲ. ಆದರೆ ಮೂರು ದಿನಗಳ ಮೇಲೆ ಕೋಲಾರದ ವೈದ್ಯರು ಹೇಳಿದ ಮಾತಿಗೂ ಇದಕ್ಕೂ ಭೇದವಿರಲಿಲ್ಲ.

ಸಂಸ್ಕೃತವನ್ನು ಓದಿದ ನಮಗೆ ಅಂದು ಮಧ್ಯಾಹ್ನ ವೈದ್ಯಗ್ರಂಥಗಳ ನೆನಪಾಯಿತು. ಮೈಗೆ ಚೂರ್ಣವನ್ನು ಹಚ್ಚಿ ತಿಕ್ಕುವುದಕ್ಕೆ ಅವುಗಳಲ್ಲಿ ಉದ್ವರ್ತನವೆಂದು ಹೆಸರು. ಉತ್ತರದೇಶದವರು ಮದುವೆಯ ಹೆಣ್ಣಿಗೆ ಹಚ್ಚುವ 'ಉಬಟನ್' ಈ ಶಬ್ದದ ತದ್ಭವವೇ. ವಾಗ್ಭಟರು ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗ, ವ್ಯಾಯಾಮಗಳನ್ನು ಹೇಳಿದ ಬಳಿಕ ಉದ್ವರ್ತನವನ್ನು ಹೇಳಿ, ಅದರಿಂದ ಚರ್ಮವು ಪ್ರಸನ್ನವಾಗುವುದೆಂದಿದ್ದಾರೆ. ಸುಶ್ರುತಸಂಹಿತೆಯು ಇನ್ನೂ ಸೂಕ್ಷ್ಮವಾಗಿ ಉದ್ವರ್ತನ, ಉತ್ಸಾದನ, ಉದ್ಘರ್ಷಣವೆಂದು ಬೇರೆಬೇರೆ ಹೆಸರುಗಳನ್ನು ಕೊಟ್ಟು, ತುರಿಕೆ ದದ್ದುಗಳಿಗೆ ಇಟ್ಟಿಗೆಯಿಂದ ತಿಕ್ಕುವುದನ್ನೂ ಹೇಳಿದೆ. ನಮ್ಮ ಜಿಲ್ಲೆಯ ಮಾಲೂರಿನ ಇಟ್ಟಿಗೆ ಹಂಚುಗಳು ಹೆಸರಾದವು. ಆ ಇಟ್ಟಿಗೆಗೆ ಗೋಡೆಯಲ್ಲದೆ ಇಂಥ ಉಪಯೋಗವೂ ಶಾಸ್ತ್ರಸಮ್ಮತವೆಂಬುದು ಸ್ವಾರಸ್ಯ. ಅದೇ ಗ್ರಂಥದ ಶಾರೀರಸ್ಥಾನದಲ್ಲಿ, ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ದೇಹದ ಮೇಲೆ ಏಳು ಪದರದ ಚರ್ಮವು ಉಂಟಾಗುವುದೆಂದೂ, ಎಲ್ಲಕ್ಕೂ ಹೊರಗಿನ ಅವಭಾಸಿನಿಯೆಂಬ ಪದರದ ದಪ್ಪವು ಒಂದು ಬತ್ತದ ಕಾಳಿನ ಹದಿನೆಂಟನೆಯ ಒಂದು ಪಾಲೆಂದೂ ಹೇಳಿದೆ. ಇಷ್ಟು ತೆಳುವಾದುದನ್ನು ಮರಳಿನಿಂದ ತಿಕ್ಕುವವರು ಎಷ್ಟು ಎಚ್ಚರದಿಂದಿರಬೇಕು!

ಆದರೆ ಶಾಸ್ತ್ರವನ್ನು ನೆನೆದ ಮಾತ್ರದಿಂದ ಹುಡುಗಿಯ ಪ್ರಶ್ನೆಗೆ ಉತ್ತರವಾಗಲಿಲ್ಲ. ಸೋಮವಾರ ಅವಳನ್ನೂ ಅಕ್ಕನನ್ನೂ ಕರೆದುಕೊಂಡು ಕೋಲಾರದ ಒಂದು ಆಸ್ಪತ್ರೆಗೆ ಹೋದೆವು. ಚರ್ಮರೋಗದ ವೈದ್ಯರು ಮಧ್ಯವಯಸ್ಸಿನ ಮಹಿಳೆ. ತೋಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ನೋಡಿ, "ನಿಮ್ಮ ತಂದೆತಾಯಿಯರಲ್ಲಿ ಯಾರಿಗಾದರೂ ಹೀಗಿದೆಯೇ?" ಎಂದು ಕೇಳಿದರು. ತಾಯಿಗೆ ಮದುವೆಯ ಕಾಲದಲ್ಲಿ ಇದ್ದಿತೆಂದೂ ಈಗ ಇಲ್ಲವೆಂದೂ ಅಕ್ಕ ಹೇಳಿದಳು.

ಇದಕ್ಕೆ ಪಾಶ್ಚಾತ್ಯ ವೈದ್ಯದಲ್ಲಿ ಕೆರಟೋಸಿಸ್ ಪೈಲಾರಿಸ್ ಎಂದು ಹೆಸರು. ನಮ್ಮ ಉಗುರು ಕೂದಲುಗಳು ಯಾವ ದ್ರವ್ಯದಿಂದ ಆಗಿವೆಯೋ ಅದೇ ಕೆರಟಿನ್ ಎಂಬುದು ರೋಮಕೂಪದ ಬಾಯಲ್ಲಿ ಕೂಡಿಕೊಂಡು ಸಣ್ಣ ಬಿರಡೆಯಂತೆ ನಿಲ್ಲುತ್ತದೆ. ಒಮ್ಮೊಮ್ಮೆ ಅದರ ಕೆಳಗೆ ಎಳೆಗೂದಲು ಸುರುಳಿ ಸುತ್ತಿಕೊಂಡಿರುತ್ತದೆ. ತೋಳಿನ ಹೊರಭಾಗ, ತೊಡೆ, ಕೆಲವು ಮಕ್ಕಳಲ್ಲಿ ಕೆನ್ನೆ, ಇವೇ ಅದರ ಸ್ಥಾನಗಳು. ಇದು ವಂಶದಲ್ಲಿ ಬರತಕ್ಕದ್ದು. ಹದಿಹರೆಯದವರಲ್ಲಿ ಸುಮಾರು ಅರ್ಧ ಮಂದಿಗಾದರೂ ಹೆಚ್ಚು ಕಡಮೆಯಾಗಿ ಇರುತ್ತದೆ. ಚಳಿಗಾಲದಲ್ಲಿಯೂ ಒಣಹವೆಯಲ್ಲಿಯೂ ಹೆಚ್ಚುತ್ತದೆ. ವಯಸ್ಸಾದಂತೆ ಸಾಮಾನ್ಯವಾಗಿ ತಾನೇ ಕಡಮೆಯಾಗುತ್ತದೆ. ನೋವಿಲ್ಲ, ಅಪಾಯವಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲವೇ ಇಲ್ಲ. ಈ ಕಡೆಯ ಮಾತನ್ನು ವೈದ್ಯರು ಎರಡು ಸಲ ಹೇಳಿದರು. ಹುಡುಗಿಯ ಮುಖ ಅರಳಿತು. ನಮ್ಮ ಮುಖ ಬಾಡಿತು.

ಇದರಂತೆಯೇ ಕಾಣುವ ಇನ್ನೊಂದು ಉಂಟು. ಮನೆಯವರು ಅದನ್ನೂ ತಿಳಿದಿರಬೇಕು. ಮೊಳಕೈ ಮೊಣಕಾಲುಗಳ ಮೇಲೆ ಮುಳ್ಳಿನಂಥ ಒರಟು ಗುಳ್ಳೆಗಳೆದ್ದು, ಚರ್ಮವು ಒಣಗಿ ಕಪ್ಪೆಯ ಮೈಯಂತಾಗುವುದು. ಲೂಷಿಯಸ್ ನಿಕಲ್ಸ್ ಎಂಬ ವೈದ್ಯರು ೧೯೩೩ರಲ್ಲಿ ಇದಕ್ಕೆ ಕಪ್ಪೆಚರ್ಮವೆಂಬ ಅರ್ಥದ ಫ್ರೈನೋಡರ್ಮ ಎಂಬ ಹೆಸರನ್ನಿಟ್ಟರು. ಅದೇ ದಶಕದಲ್ಲಿ ಕೂನೂರಿನ ಪೋಷಣ ಸಂಶೋಧನಾಲಯದವರು ದಕ್ಷಿಣದೇಶದ ಶಾಲೆಯ ಮಕ್ಕಳನ್ನು ಪರೀಕ್ಷಿಸಿದಾಗ ಬಡಮಕ್ಕಳಲ್ಲಿ ಇದನ್ನು ಕಂಡರು. ಇದು ಆಹಾರದ ಕೊರತೆಯಿಂದ ಬರತಕ್ಕದ್ದು. ಎ ಜೀವಸತ್ವ, ಬಿ ಗುಂಪಿನ ಜೀವಸತ್ವಗಳು, ಎಣ್ಣೆಯಲ್ಲಿರುವ ಆವಶ್ಯಕ ಕೊಬ್ಬಿನ ಅಂಶಗಳು, ಇವುಗಳ ಅಭಾವವೇ ಕಾರಣ. ಇಂಥ ಮಗುವಿಗೆ ಮೈ ತಿಕ್ಕಿ ಫಲವಿಲ್ಲ. ನುಗ್ಗೆಸೊಪ್ಪು, ಹಾಲು, ಮೊಟ್ಟೆ, ಕಡಲೆಕಾಯಿ, ಅಡಿಗೆಯಲ್ಲಿ ಸಾಕಷ್ಟು ಎಣ್ಣೆ, ವೈದ್ಯರು ಕೊಟ್ಟ ಔಷಧ, ಇವು ಬೇಕು. ಎಣ್ಣೆಯನ್ನು ಮೈಗೆ ಹಚ್ಚುವುದರ ಜೊತೆಗೆ ಹೊಟ್ಟೆಗೂ ಹಾಕಬೇಕೆಂದು ತಾತ್ಪರ್ಯ.

ಇನ್ನು ಚರ್ಮದ ಹೊರಪದರವನ್ನು ತೆಗೆಯುವ ಚಿಕಿತ್ಸೆಯ ವಿಚಾರ. ಇದರಲ್ಲಿ ಎರಡು ಮಾರ್ಗಗಳಿವೆಯೆಂದು ವೈದ್ಯರು ವಿವರಿಸಿದರು. ಒಂದು ತಿಕ್ಕುವುದು. ಅಲ್ಯೂಮಿನಿಯಂ ಆಕ್ಸೈಡಿನ ನುಣುಪಾದ ಹರಳುಗಳನ್ನು ಯಂತ್ರದಿಂದ ಚರ್ಮದ ಮೇಲೆ ಸಿಂಪಡಿಸಿ ಒಡನೆಯೇ ಹೀರಿಕೊಳ್ಳುವುದು, ಇಲ್ಲವೆ ವಜ್ರದ ಪುಡಿ ಕೂರಿಸಿದ ಮೊನೆಯಿಂದ ಸವರುವುದು. ಇದಕ್ಕೆ ಮೈಕ್ರೋಡರ್ಮಬ್ರೇಷನ್ ಎನ್ನುವರು. ಇನ್ನೊಂದು ಕರಗಿಸುವುದು. ಕಬ್ಬಿನಲ್ಲಿ ದೊರೆಯುವ ಗ್ಲೈಕಾಲಿಕ್ ಆಮ್ಲ, ಹುಳಿತ ಹಾಲಿನಲ್ಲಿರುವ ಲ್ಯಾಕ್ಟಿಕ್ ಆಮ್ಲ, ವಿಲ್ಲೋ ಮರದ ತೊಗಟೆಯ ದೆಸೆಯಿಂದ ಹೆಸರಾದ ಸ್ಯಾಲಿಸಿಲಿಕ್ ಆಮ್ಲ, ಇವು ಸತ್ತ ಪದರದ ಅಂಟನ್ನು ಸಡಿಲಿಸುತ್ತವೆ. ಇಂಥ ಆಮ್ಲಗಳಿಂದ ಒರಟು ಚರ್ಮವನ್ನು ಹತೋಟಿಗೆ ತರಬಹುದೆಂದು ವಾನ್ ಸ್ಕಾಟ್, ಯೂ ಎಂಬಿಬ್ಬರು ೧೯೭೪ರಲ್ಲಿ ಪ್ರಕಟಿಸಿದರು. ಗ್ಲೈಕಾಲಿಕ್ ಆಮ್ಲವನ್ನು ಹಚ್ಚಿ, ಗಡಿಯಾರ ನೋಡಿ ಕೆಲವೇ ನಿಮಿಷಗಳಲ್ಲಿ ಅಡಿಗೆ ಸೋಡದ ನೀರಿನಂಥದರಿಂದ ಶಮನಮಾಡಬೇಕು. ಹೊತ್ತು ಮೀರಿದರೆ ಅದು ಸತ್ತ ಪದರವನ್ನು ದಾಟಿ ಬದುಕಿದ ಪದರಕ್ಕೆ ಇಳಿಯುತ್ತದೆ. ತಿಕ್ಕಿ ಗಾಯವಾದ ಚರ್ಮಕ್ಕೆ ಅದೇ ದಿನ ಆಮ್ಲವನ್ನು ಹಚ್ಚಕೂಡದು. ನಮ್ಮಂಥ ಶ್ಯಾಮವರ್ಣದವರ ಚರ್ಮವು ಸುಟ್ಟರೆ ಕಪ್ಪು ಕಲೆ ಉಳಿದು ತಿಂಗಳುಗಟ್ಟಲೆ ಕಾಡುತ್ತದೆ. ಹುಡುಗಿಗೆ ಆದದ್ದು ಇದೇ.

ಶ್ರೀನಿವಾಸಪುರದ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಾವಿನ ಕಾಯಿಯನ್ನು ತೊಟ್ಟು ಮುರಿದು ಕೀಳುವಾಗ ಚಿಮ್ಮುವ ಸೊನೆ ಕೈಗೆ ತಗುಲಿದರೆ ಏನಾಗುತ್ತದೆಂದು ಅಲ್ಲಿನ ಪ್ರತಿಯೊಬ್ಬ ಕೂಲಿಯವನೂ ಬಲ್ಲ. ಒಡನೆ ತೊಳೆದವನಿಗೆ ಏನೂ ಇಲ್ಲ. ಸಂಜೆಯವರೆಗೆ ಬಿಟ್ಟವನಿಗೆ ಕಪ್ಪು ಗಾಯ. ಹಣ್ಣು ಅಮೃತವಾದರೂ ಸೊನೆಗೆ ಮಿತಿ ಬೇಕು. ವೈದ್ಯರ ಮುಂದೆ ಅಕ್ಕ ಈ ಮಾತನ್ನು ಹೇಳಿದಾಗ ಅವರು ನಕ್ಕು, "ನಾನು ಇನ್ನು ಮುಂದೆ ಹೀಗೆಯೇ ಹೇಳುತ್ತೇನೆ" ಎಂದರು.

ಕಲೆಗಳು ಮಾಸುವವರೆಗೆ ಯಾವ ತಿಕ್ಕುವಿಕೆಯೂ ಬೇಡವೆಂದೂ, ಅನಂತರ ರಾತ್ರಿಯ ಹೊತ್ತು ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲ ಸೇರಿದ ಮುಲಾಮನ್ನು ಹಚ್ಚಬೇಕೆಂದೂ ಬರೆದುಕೊಟ್ಟರು. ಯೂರಿಯಾ ಎಂದೊಡನೆ ಅಕ್ಕ ಬೆಚ್ಚಿ, "ಅಮ್ಮಾ, ಹೊಲಕ್ಕೆ ಎರಚುವುದನ್ನು ಕೂಸಿನ ಕೈಗೆ ಹಚ್ಚುವುದೇ?" ಎಂದಳು. ಆ ದ್ರವ್ಯವು ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇದ್ದು ತೇವವನ್ನು ಹಿಡಿದಿಡುತ್ತದೆಂದೂ, ಔಷಧಕ್ಕಾಗಿ ಶುದ್ಧಿಮಾಡಿದ್ದನ್ನು ಅಳತೆಯಿಂದ ಬೆರಸುತ್ತಾರೆಂದೂ ವೈದ್ಯರು ಸಮಾಧಾನ ಹೇಳಿದರು. ಹೊಲದ ಚೀಲದಿಂದ ತೆಗೆದು ಯಾರೂ ಹಚ್ಚಿಕೊಳ್ಳಕೂಡದೆಂಬುದನ್ನು ನಾವು ಇಲ್ಲಿ ಸೇರಿಸುತ್ತೇವೆ. ಥಾಯ್ಲೆಂಡಿನಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನೂರಕ್ಕೆ ೧೦ರ ಲ್ಯಾಕ್ಟಿಕ್ ಆಮ್ಲದ ಮುಲಾಮನ್ನು ೧೨ ವಾರ ಹಚ್ಚಿದವರ ಗುಳ್ಳೆಗಳು ಸುಮಾರು ಮೂರರಲ್ಲಿ ಎರಡು ಪಾಲು ಇಳಿದುವಂತೆ. ಹನ್ನೆರಡು ವಾರ ಎಂಬುದನ್ನು ವಾಚಕರು ಗಮನಿಸಬೇಕು. ಒಂದು ಮಧ್ಯಾಹ್ನದಲ್ಲಿ ಅಲ್ಲ. ಬಿಟ್ಟರೆ ಒರಟುತನ ಮತ್ತೆ ಬರಬಹುದು. ದಿನವೂ ಹೊಸ್ತಿಲು ಸಾರಿಸುವಂತೆ ಇದೂ ಒಂದು ನಿತ್ಯಕರ್ಮ.

ಈಗ ನಾವು ಮೊದಲು ಮುಂದಕ್ಕೆ ಇಟ್ಟ ಮಾತಿಗೆ ಬರುತ್ತೇವೆ. ೧೯೯೦ರಲ್ಲಿ, ನಮಗೆ ಇಪ್ಪತ್ತೈದು ವಯಸ್ಸಾಗಿದ್ದಾಗ, ಈ ಸೀಮೆಯ ಒಂದು ಶಾಲೆಯಲ್ಲಿ ನಮಗೆ ಮೊದಲ ಕೆಲಸವಾಯಿತು. ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತೋಪು ಕಾಯುವವನ ಮಗ. ಕೈಬರಹ ಮುತ್ತಿನಂತೆ. ಅವನ ತೋಳುಗಳು ನಮ್ಮ ಅಕ್ಕನ ಮೊಮ್ಮಗಳ ತೋಳುಗಳಂತೆಯೇ ಇದ್ದುವು. ಯಾರೋ ಒಬ್ಬ ತಂದೆ ಬಂದು, ತನ್ನ ಮಗನಿಗೆ ಕಜ್ಜಿ ಅಂಟೀತೆಂದು ಗೊಣಗಿದ. ನಾವು ಯಾವ ವೈದ್ಯರನ್ನೂ ಕೇಳಲಿಲ್ಲ. ಆ ಹುಡುಗನಿಗೆ ಬಾಗಿಲ ಬಳಿ ಬೇರೆ ಚಾಪೆಯನ್ನು ಹಾಕಿಸಿದೆವು. "ಮೈ ತಿಕ್ಕಿ ಸ್ನಾನಮಾಡಿ ಬಾ" ಎಂದು ತರಗತಿಯ ಮುಂದೆ ಹೇಳಿದೆವು. ಎರಡು ವಾರ ಅವನು ಕೈಯನ್ನು ಕೆಂಪಗೆ ತಿಕ್ಕಿಕೊಂಡು ಬಂದ. ಮೂರನೆಯ ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯನ್ನು ಗುರುತು ಮಾಡುತ್ತ ಹೋಗಿ, ವರ್ಷದ ಕೊನೆಯಲ್ಲಿ ಹೆಸರನ್ನು ತೆಗೆದವರು ನಾವೇ.

ಕೋಲಾರದಿಂದ ಹಿಂದಿರುಗಿದ ಮರುದಿನ ವಿಚಾರಿಸಿದೆವು. ಅವನು ಈಗ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಾನೆಂದೂ ಸಮೀಪದಲ್ಲಿಯೇ ಕಾಯಿ ಕೀಳಿಸುತ್ತಿದ್ದಾನೆಂದೂ ಭಾವನವರು ಹೇಳಿ ಕರೆದುಕೊಂಡು ಹೋದರು. ಮರದ ಕೆಳಗೆ ನಿಂತಿದ್ದ ನಲವತ್ತೈದರ ಗೃಹಸ್ಥನು ನಮ್ಮನ್ನು ಕಂಡೊಡನೆ ತಲೆಯ ವಸ್ತ್ರವನ್ನು ತೆಗೆದು "ಮೇಷ್ಟ್ರೇ" ಎಂದು ಕೈಮುಗಿದ. ಅರ್ಧ ತೋಳಿನ ಅಂಗಿ. ತೋಳುಗಳು ನಯವಾಗಿದ್ದುವು. ಗುಳ್ಳೆಗಳು ಮೂವತ್ತು ವರ್ಷದೊಳಗೆ ತಾವೇ ಹೋದುವಂತೆ. ನಾವು ಮಾಡಿದ ತಪ್ಪನ್ನು ಹೇಳಿ, ವೈದ್ಯರು ಹೇಳಿದ್ದನ್ನೂ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾ‌ಗಾದರೆ ಅದು ಅಂಟುವುದಲ್ಲವೇ, ಮೇಷ್ಟ್ರೇ? ಮದುವೆಯಾದ ಮೇಲೂ ನಾನು ನನ್ನ ಟವಲನ್ನು ಬೇರೆ ಇಟ್ಟುಕೊಂಡಿದ್ದೆ. ಮಕ್ಕಳನ್ನು ಎತ್ತಿಕೊಳ್ಳುವಾಗಲೂ ತುಂಬುತೋಳು ಹಾಕಿಕೊಳ್ಳುತ್ತಿದ್ದೆ" ಎಂದ. ನಾವು ಕ್ಷಮೆ ಬೇಡಿದೆವು. ಅವನು ಕ್ಷಮಿಸಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಂದು ಬುಟ್ಟಿ ರಸಪುರಿಯನ್ನು ತುಂಬಿ ಕೊಟ್ಟು, ಕೂಲಿಯವರ ಲೆಕ್ಕ ನೋಡುವುದಕ್ಕೆ ಹೋದ. ಲೆಕ್ಕದ ಪುಸ್ತಕದಲ್ಲಿ ಅಕ್ಷರ ಈಗಲೂ ಮುತ್ತಿನಂತೆಯೇ ಇದ್ದಿತು.

ಆ ಸಂಜೆ ಅಕ್ಕನ ಮೊಮ್ಮಗಳಿಗೆ ನಾವು ಬುದ್ಧಿಯ ಮಾತು ಯಾವುದನ್ನೂ ಹೇಳಲಿಲ್ಲ. ಈ ಕಥೆಯನ್ನು ಮಾತ್ರ ಹೇಳಿದೆವು. ಅವಳು ಕೇಳಿ, ಎದ್ದು ಹೋಗಿ, ಕಾಲೇಜಿಗೆ ಕೊಡಬೇಕಾದ ಕಾಗದಗಳನ್ನು ತಂದು ನಮ್ಮ ಮುಂದೆ ಇಟ್ಟಳು.

ಗೃಹಸ್ಥರ ಉಪಯೋಗಕ್ಕಾಗಿ ನಾವು ಕಲಿತದ್ದನ್ನು ಸಂಗ್ರಹವಾಗಿ ಹೇಳುತ್ತೇವೆ. ಸ್ನಾನಕ್ಕೆ ಕುದಿಯುವ ನೀರು ಬೇಡ, ಬೆಚ್ಚನೆಯ ನೀರು ಸಾಕು. ಬಹಳ ಹೊತ್ತೂ ಬೇಡ. ಮೈಯನ್ನು ಉಜ್ಜಿ ಒರಸದೆ ಒತ್ತಿ ಒರಸಿ, ತೇವ ಆರುವುದಕ್ಕೆ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವೈದ್ಯರು ಹೇಳಿದ ಮುಲಾಮನ್ನೋ ಸವರಬೇಕು. ಗುಳ್ಳೆಗಳನ್ನು ಉಗುರಿನಿಂದ ಕೀಳಕೂಡದು. ಉಪ್ಪು ಸಕ್ಕರೆಗಳಿಂದ ತಿಕ್ಕಕೂಡದು. ನಿಂಬೆಯ ರಸವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುವುದುಂಟು. ಅಂಗಡಿಯವನು ಕೊಟ್ಟನೆಂದು ಸ್ಟಿರಾಯ್ಡ್ ಸೇರಿದ ಮುಲಾಮನ್ನು ಹಚ್ಚಕೂಡದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಭಾರತ ಸರ್ಕಾರವು ೨೦೧೮ರಲ್ಲಿ ಕಟ್ಟು ಮಾಡಿದೆ. ಸಿಪ್ಪೆ ತೆಗೆಯುವ ಚಿಕಿತ್ಸೆಯೇ ಬೇಕೆಂದರೆ ಚರ್ಮವೈದ್ಯರಲ್ಲಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾವ ಆಮ್ಲ, ನೂರಕ್ಕೆ ಎಷ್ಟು, ಎಷ್ಟು ನಿಮಿಷ? ಇವಕ್ಕೆ ಉತ್ತರ ಕೊಡಲಾರದವರ ಕೈಗೆ ಕೈ ಕೊಡಬಾರದು. ಮೊದಲು ಚರ್ಮದ ಒಂದು ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡುವುದು ಕ್ಷೇಮ. ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಇದಕ್ಕೆ ಕೈಹಾಕುವುದು ಅವಿವೇಕ. ಬಸುರಿಯರು ವೈದ್ಯರಿಗೆ ತಿಳಿಸದೆ ಯಾವುದನ್ನೂ ಹಚ್ಚಿಸಿಕೊಳ್ಳಕೂಡದು.

ಉಪಾಧ್ಯಾಯರಿಗೆ ಒಂದು ಮಾತು. ಮಗುವಿನ ಮೈಯ ಮೇಲೆ ಏನನ್ನಾದರೂ ಕಂಡರೆ ಚಾಪೆ ಬೇರೆ ಮಾಡುವುದಕ್ಕೆ ಮೊದಲು ವೈದ್ಯರನ್ನು ಕೇಳಿರಿ.

ನಾವು ಇದನ್ನು ಬರೆಯುವ ಹೊತ್ತಿಗೆ ಹಲವು ತಿಂಗಳುಗಳು ಕಳೆದಿವೆ. ಹುಡುಗಿ ಕೋಲಾರದಲ್ಲಿ ಓದುತ್ತಿದ್ದಾಳೆ. ಕಲೆಗಳು ಬಹುಮಟ್ಟಿಗೆ ಮಾಸಿವೆ. ಗುಳ್ಳೆಗಳು ಕಡಮೆಯಾಗಿವೆ, ಪೂರ್ತಿ ಹೋಗಿಲ್ಲ. ಚಳಿ ಬಂದೊಡನೆ ಸ್ವಲ್ಪ ಹೆಚ್ಚಿದುವಂತೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅವ್ವನ ಕೈಯಿಂದ ಎಣ್ಣೆನೀರು ಹಾಕಿಸಿಕೊಳ್ಳುತ್ತಾಳೆ. ಮೊನ್ನೆ ದೂರವಾಣಿಯಲ್ಲಿ, "ತಾತ, ನಮ್ಮ ತರಗತಿಯವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದಾಗ ತೋಳುಗಳನ್ನು ನೋಡುತ್ತ ಬಂದೆ. ನನ್ನನ್ನು ಬಿಟ್ಟು ಇನ್ನೂ ಹನ್ನೊಂದು ಹಾಗಲಕಾಯಿಗಳಿವೆ" ಎಂದು ಹೇಳಿ ನಕ್ಕಳು. ಅವಳು ಆ ಹೆಸರನ್ನು ತಾನೇ ಹೇಳಿ ನಕ್ಕದ್ದನ್ನು ನಾವು ಕೇಳಿದ್ದು ಅದೇ ಮೊದಲು.